ಅಟ್ಟದ ಮೇಲಿನ ಏರಿಯಲ್

ಕಳೆದ ವಾರವೆಲ್ಲ ಸಂಜೆಯ ಹೊತ್ತು ನಾನು ಅಟ್ಟದ ಮೇಲೇ ಇದ್ದೆ. ಹೆಂಡತಿಯ ಜೊತೆ ಜಗಳವಾಡಿಕೊಂಡು ಅಲ್ಲ (ಕೆಲವು ಓದುಗರು ಹಾಗೇ ಅಂದುಕೊಳ್ಳುತ್ತಾರೆ, ಗೊತ್ತು). ರೇಡಿಯೋದ ಏರಿಯಲ್ ತಂತಿ ಕಟ್ಟಲು.

ಏರಿಯಲ್ ಇರಬೇಕಾದದ್ದು ಮಾಳಿಗೆಯ ಮೇಲೆ. ನಮ್ಮ ಹೊಸಪೇಟೆಯಲ್ಲಿ ಅದು ಸಾಧ್ಯವೇ? ಹಂಪಿ ಕಡೆಯಿಂದ ಬಂದ ಮಂಗಗಳು ತಂತಿಗೆ ಜೋತುಬಿದ್ದು ಹರಿದು ಹಾಕಿದವು. ಮತ್ತೆ ಕಟ್ಟಿದೆ. ಮತ್ತೆ ಹರಿದವು. ಕೊನೆಗೆ ರೇಡಿಯೋ ಮಾರಿದವನೇ, "ಅಟ್ಟದಾಗ ಕಟ್ರಿ. ಒಂಚೂರು ಕಮ್ಮಿ ಕೇಳಿಸ್ತೈತಿ, ಆದ್ರ ಉಳೀತೈತಿ," ಎಂದ.

ನಮ್ಮ ಅಟ್ಟದಲ್ಲಿ ನಿಲ್ಲಲು ಎತ್ತರವಿಲ್ಲ. ಕುಳಿತರೂ ಜಂತಿ ತಲೆಗೆ ಬಡಿಯುತ್ತದೆ. ಹಳೆಯ ಗಡಿಗೆಗಳು, ಧೂಳು, ಒಣಮೆಣಸಿನಕಾಯಿಯ ಘಾಟು. ಈ ವಯಸ್ಸಿನಲ್ಲಿ ಅಲ್ಲಿ ತೆವಳುವುದು ನನಗೇನು ಚಂದವೇ? ಆದರೆ ಕೆಳಗೆ, ರೇಡಿಯೋದ ಮುಂದೆ, ಅಕ್ಕ ಕುಳಿತಿದ್ದಳು.

ಭಾವ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮಿಷಿನ್ ಕೆಲಸ ಕಲಿತು ರಂಗೂನಿನ ಗಿರಣಿಗೆ ಹೋದವರು. ಈ ಯುದ್ಧದಲ್ಲಿ ಅಲ್ಲಿ ಜಪಾನಿಯರ ಬಾಂಬು ಬಿದ್ದ ಮೇಲೆ ಅವರ ಸುದ್ದಿಯೇ ಇಲ್ಲ. ಅಂದಿನಿಂದ ಅಕ್ಕ ನಮ್ಮ ಮನೆಯಲ್ಲಿದ್ದಾಳೆ. ರೇಡಿಯೋ ಸುದ್ದಿ ಇಂಗ್ಲಿಷಿನದು. ಅವಳಿಗೆ ಇಂಗ್ಲಿಷ್ ಬಾರದು. ಆ ಊರಿನ ಹೆಸರೊಂದೇ ಗೊತ್ತು.

ತಂತಿಯ ತುದಿ ಹಿಡಿದು ಮೂಲೆಯಿಂದ ಮೂಲೆಗೆ ತೆವಳಿದೆ.

"ಈಗ?"

"ಬರೇ ಗೊರ್ ಅಂತೈತಿ."

"ಈಗ?"

"ಯಾರೋ ಮಾತಾಡಿದಂಗಾತು. ಹೋತು."

ಸೊಂಟ ಹಿಡಿದುಕೊಂಡಿತು. ಇವತ್ತಿಗೆ ಸಾಕು ಎಂದು ತಂತಿಯನ್ನು ಸಿಕ್ಕ ಜಂತಿಗೆ ಹೇಗೋ ಸುತ್ತಿದೆ. ಆಗ ದನಿ ಸ್ಪಷ್ಟವಾಗಿ ಬಂತು. ಅಟ್ಟದವರೆಗೂ ಕೇಳಿಸುವಷ್ಟು.

"ರಂಗೂನು ಅಂದ್ರು," ಅಕ್ಕ ಕೆಳಗಿನಿಂದ ಕೂಗಿದಳು. "ಮುಂದ ಏನಂದ್ರು, ತಮ್ಮಾ?"

ಊರು ಜಪಾನಿಯರ ಕೈಗೆ ಹೋಗಿತ್ತು. ನಾನು ತಕ್ಷಣ ಇಳಿಯಲಿಲ್ಲ. ಅಲ್ಲೇ ಕುಳಿತು ಮಾತು ಹುಡುಕಿದೆ.

"ನಮ್ಮ ದಂಡು ಊರು ಬಿಟ್ಟು ಹೊಂಟೈತಂತ," ಎಂದೆ.

"ಹಂಗಾರ ಇವರೂ ಹೊಂಟಿರ್ತಾರ. ಛಲೋನ ಆತು ಬಿಡು. ಎಲ್ಲೀತನಕ ಬಂದ್ರು, ನಾಳಿ ಕೇಳೋಣು."

ಊರು ಶತ್ರುವಿನ ಕೈಸೇರಿತೆಂದು ಬಿಡಿಸಿ ಹೇಳಿಬಿಡಬೇಕು ಎಂದುಕೊಂಡೆ. ಇಳಿದು ಬಂದಾಗ ಹೆಂಡತಿ ನನ್ನ ಬೆನ್ನಿನ ಧೂಳು ಕೊಡವುತ್ತ, "ಸುಮ್ನಿದ್ದುಬಿಡ್ರಿ," ಎಂದು ಮೆಲ್ಲಗೆ ಹೇಳಿದಳು.

ಈಗ ದಿನಾ ಸಂಜೆ, ಜಪಾನಿಯರ ಕೈಗೆ ಹೋದವೆಂದು ರೇಡಿಯೋದಲ್ಲಿ ಕೇಳಿದ ಊರುಗಳ ಹೆಸರನ್ನಷ್ಟೇ ಅಕ್ಕನಿಗೆ ಹೇಳುತ್ತೇನೆ. ನಮ್ಮ ಕಡೆಗೆ ಹತ್ತಿರವೋ ದೂರವೋ ಎಂದಷ್ಟೇ ಅವಳು ಕೇಳುತ್ತಾಳೆ. ಹತ್ತಿರ ಎನ್ನುತ್ತೇನೆ (ನಕ್ಷೆ ನೋಡಿಯೇ ಹೇಳುತ್ತೇನೆ, ಸುಳ್ಳಲ್ಲ). ಅವಳು ಎದ್ದು ಒಲೆಯ ಕಡೆ ಹೋಗುತ್ತಾಳೆ. ನಾನು ಗುಂಡಿ ತಿರುವಿ ರೇಡಿಯೋ ಬಂದ್ ಮಾಡುತ್ತೇನೆ. ಭಾಳ ದಣಿವಾಗುತ್ತದೆ.

ಸೇನಾಪತಿಗಳ ಹೆಸರು, ಮುಳುಗಿದ ಹಡಗುಗಳ ಹೆಸರು, ಎಲ್ಲವೂ ತಪ್ಪದೆ ಬರುತ್ತವೆ. ಕಾಡು ದಾಟಿ ನಡೆದು ಬರುತ್ತಿರಬಹುದಾದ ಒಬ್ಬ ಗಿರಣಿ ಕೆಲಸದವನ ಹೆಸರು ಯಾವ ಸ್ಟೇಷನ್ನಿನಲ್ಲಿ ಬರುತ್ತದೆ?