ಬಿಳಿ ಗೌನಿಗೆ ಆರತಿ ನೀರಿನ ರಕ್ತ

ಬಟ್ಟೆ ಹಾಳುಮಾಡುವುದು ನನ್ನ ಉದ್ಯೋಗ. ನಾಟಕ ಮತ್ತು ಜಾಹೀರಾತು ಚಿತ್ರಗಳ ವಲಯದಲ್ಲಿ ಇದನ್ನು ‘ಬ್ರೇಕ್‌ಡೌನ್’ ಎನ್ನುತ್ತಾರೆ. ಅಂಗಡಿಯಿಂದ ಅದೇ ದಿನ ತಂದ ಅಂಗಿಯನ್ನು ಹತ್ತು ವರ್ಷ ತೊಟ್ಟ ಹಾಗೆ ಕಾಣಿಸಬೇಕು. ಕಾಲರನ್ನು ಮರಳುಕಾಗದದಿಂದ ಉಜ್ಜುತ್ತೇವೆ, ಕಂಕುಳಲ್ಲಿ ಬೆವರಿನ ಗುರುತು ಬರೆಯುತ್ತೇವೆ, ಜೇಬಿಗೆ ಕಲ್ಲು ತುಂಬಿ ಜೋಲು ಬೀಳಿಸುತ್ತೇವೆ. ಕಥೆಗೆ ಬೇಕಾದರೆ ರಕ್ತವನ್ನೂ ಹಚ್ಚುತ್ತೇವೆ. ನೋಯ್ಡಾದ ಒಂದು ಸ್ಟುಡಿಯೋದಲ್ಲಿ ಬಹಳ ವರ್ಷ ವಸ್ತ್ರ ವಿಭಾಗ ನೋಡಿಕೊಂಡು, ಮೊಣಕಾಲು ಕೈಕೊಟ್ಟ ಮೇಲೆ, ದೆಹಲಿಯ ಜನಕಪುರಿಯಲ್ಲಿರುವ ನಮ್ಮ ಮನೆಯ ತಾರಸಿ ಕೋಣೆಯಲ್ಲಿ ಬಿಡಿ ಕೆಲಸ ಹಿಡಿಯುತ್ತಿದ್ದೆ.

ಈ ಪ್ರಕರಣ 2022ರದ್ದೋ 2023ರದ್ದೋ ಖಚಿತವಿಲ್ಲ. ನೆನಪಿನಲ್ಲಿ ಎಲ್ಲರ ಮುಖದ ಮೇಲೂ ಮಾಸ್ಕ್ ಇದೆ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ದೆಹಲಿಯಲ್ಲಿ ಮಾಸ್ಕ್ ಹಾಕಲು ಕೊರೋನಾನೇ ಬರಬೇಕೆಂದಿಲ್ಲ, ಅಕ್ಟೋಬರ್ ಕೊನೆಯ ವಾರದ ಹೊಗೆ ಬಂದರೂ ಸಾಕು.

ಆ ವಾರವೇ ನಿಖಿತಾ ಬಂದಳು. ದಾವಣಗೆರೆಯ ಹುಡುಗಿ, ನೋಯ್ಡಾದ ಐಟಿ ಕಂಪನಿಯಲ್ಲಿ ಕೆಲಸ. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ನನ್ನ ನಂಬರ್ ಕೊಟ್ಟಿದ್ದರು. ಕೈಯಲ್ಲಿ ಜಿಪ್ ಇರುವ ಉದ್ದನೆಯ ಚೀಲ, ಅದರೊಳಗೆ ಬಿಳಿ ಗೌನು. ಆಫೀಸಿನ ಹ್ಯಾಲೋವೀನ್ ಸ್ಪರ್ಧೆಗೆ ಅವಳು ದೆವ್ವ ಮದುಮಗಳಾಗಬೇಕಿತ್ತು.

“ಆಂಟಿ, ಬ್ಲಡ್ ಫುಲ್ ರಿಯಲಿಸ್ಟಿಕ್ ಆಗಿರ್ಬೇಕು.”

“ಯಾರ ರಕ್ತ?”

“ಅಂದ್ರೆ?”

“ಕೊಂದವಳು ನೀನೋ, ಸತ್ತವಳು ನೀನೋ?”

ಇದು ತಮಾಷೆಯ ಪ್ರಶ್ನೆಯಲ್ಲ. ಸತ್ತವಳ ಬಟ್ಟೆಗೆ ರಕ್ತ ಒಳಗಿನಿಂದ ಒಸರುತ್ತದೆ. ಒಂದು ಕಡೆ ಶುರುವಾಗಿ, ನೇಯ್ಗೆಯ ದಾರ ಹಿಡಿದು ಹರಡಿ, ಕೆಳಕ್ಕೆ ಜಾರುತ್ತದೆ. ಕೊಂದವಳ ಬಟ್ಟೆಗೆ ಹೊರಗಿನಿಂದ ಸಿಡಿಯುತ್ತದೆ. ಸಣ್ಣ ಹನಿಗಳು, ಒಂದೇ ದಿಕ್ಕಿನ ಬಾಲಗಳು. ಇವೆರಡನ್ನು ಬೆರೆಸಿದರೆ ಅದು ರಕ್ತದಂತೆ ಕಾಣುವುದಿಲ್ಲ, ಮದುವೆಮನೆಯಲ್ಲಿ ಯಾರೋ ಸಾರಿನ ಪಾತ್ರೆ ಮಗುಚಿದಂತೆ ಕಾಣುತ್ತದೆ. ಇಷ್ಟನ್ನೂ ವಿವರಿಸಿದೆ.

“ಎರಡೂ ಇರ್ಲಿ ಆಂಟಿ,” ಅಂದಳು. “ಆಲ್ ಓವರ್.”

ಕಾಸ್ಟ್ಯೂಮ್‌ಗೆ ತಂದ ಬಟ್ಟೆ ಇಷ್ಟು ಚೆನ್ನಾಗಿದೆಯಲ್ಲ, ಯಾರದು ಎಂದು ಕೇಳಿದೆ. “ನಮ್ದೇ ಆಂಟಿ, ಆಮೇಲೆ ವಾಶ್ ಮಾಡಿದ್ರಾಯ್ತು,” ಎಂದಳು. ತೊಳೆದರೆ ಹೋಗುವ ರಕ್ತಕ್ಕೆ ನಮ್ಮಲ್ಲಿ ಒಂದೇ ದಾರಿ: ಬಟ್ಟೆ ಒಗೆಯುವ ಲಿಕ್ವಿಡ್ ಸೋಪಿನಲ್ಲಿ ಬಣ್ಣ ಕಲಸುವುದು. ಕಲೆಯೊಳಗೇ ಸೋಪು ಇರುವುದರಿಂದ ನೀರು ಮುಟ್ಟಿದ ಕೂಡಲೇ ಬಿಡುತ್ತದೆ. ಆದರೆ ಅವಳಿಗೆ ಸೋಪಿನ ಅಲರ್ಜಿ. ಹಾಗಾದರೆ ಫುಡ್ ಕಲರ್ ಎಂದೆ, ತೊಳೆದರೆ ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದೆ. “ಕೆಮಿಕಲ್ ಬೇಡ.” ಬೀಟ್‌ರೂಟ್ ಎಂದೆ. ಅದು ಗುಲಾಬಿ ಬಣ್ಣ ಅಂತ ಅವಳಿಗೂ ಗೊತ್ತಿತ್ತು. ಹಾಗಾದರೆ ನನ್ನ ಕೈಯನ್ನೇ ಕೊಯ್ದುಕೊಳ್ಳಲಾ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು. ಅಷ್ಟರಲ್ಲಿ ಅವಳು ಅಮ್ಮನಿಗೆ ವಿಡಿಯೋ ಕಾಲ್ ಹಚ್ಚಿಬಿಟ್ಟಿದ್ದಳು.

“ಅರಿಶಿಣಕ್ಕೆ ಚೂರು ಸುಣ್ಣ ಹಾಕ್ರೀ ಮೇಡಂ,” ಎಂದು ಆ ತಾಯಿ ದಾವಣಗೆರೆಯಿಂದ ಅಪ್ಪಣೆ ಕೊಟ್ಟರು. “ನೀವು ಆರತಿ ನೀರು ಮಾಡಂಗಿಲ್ಲೇನು? ಎಂಥಾ ಕೆಂಪು ಬರ್ತೈತಿ! ಮೈಗೂ ಒಳ್ಳೇದು.”

“ಅರಿಶಿನ ಬಿಳಿ ಬಟ್ಟೆಯಿಂದ ಹೋಗುವುದಿಲ್ಲ ತಾಯಿ.”

“ಬಿಸಿಲಿಗೆ ಹಾಕಿದ್ರೆ ತಾನೇ ಹೋಗ್ತೈತಿ ಬಿಡ್ರೀ.”

ಅವರ ಮಾತು ಸುಳ್ಳಲ್ಲ. ಅರಿಶಿನದ ಬಣ್ಣಕ್ಕೆ ಬಿಸಿಲೆಂದರೆ ಆಗದು. ಒಳ್ಳೆಯ ಬಿಸಿಲಿನಲ್ಲಿ ಎರಡು ಮಧ್ಯಾಹ್ನ ಕಳೆದರೆ ಕಲೆ ಮಾಯವಾಗುತ್ತದೆ. ಒಪ್ಪಿಕೊಂಡೆ. ಕೆಳಗಿನ ಪಾನ್ ಅಂಗಡಿಗೆ ಹೋಗಿ, “ಭಯ್ಯಾ, ಥೋಡಾ ಚೂನಾ,” ಎಂದು ಸುಣ್ಣ ತಂದೆ.

ಆರತಿ ನೀರು ತೆಳ್ಳಗಿರುತ್ತದೆ, ರಕ್ತ ಹಾಗಲ್ಲ. ಮೈದಾದ ತೆಳು ಗಂಜಿ ಕಾಯಿಸಿ, ಅದಕ್ಕೆ ಅರಿಶಿನ ಕದಡಿ, ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಟ್ಟೆ. ಹಳದಿ ಕಿತ್ತಳೆಯಾಗಿ, ಆಮೇಲೆ ಇದ್ದಕ್ಕಿದ್ದಂತೆ ಗಾಢ ಕೆಂಪಾಗುವ ಒಂದು ಕ್ಷಣವಿದೆ. ಅಲ್ಲಿಗೆ ನಿಲ್ಲಿಸಬೇಕು. ನಿಜವಾದ ರಕ್ತ ಒಣಗಿದರೆ ಕಂದಾಗುತ್ತದೆ, ಕಲೆಯ ಅಂಚು ನಡುವಿಗಿಂತ ಕಪ್ಪಗಿರುತ್ತದೆ. ಅದಕ್ಕೆ ಕಾಫಿ ಡಿಕಾಕ್ಷನ್ ತೆಗೆದು ಒಂದು ಚಿಂದಿಯ ಮೇಲೆ ಅಂಚು ಎಳೆದು ತೋರಿಸಿದೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತ್ಯಂತ ನಂಬಲರ್ಹ ರಕ್ತ ಅದು ಎಂದು ಈಗ ಅನ್ನಿಸುತ್ತದೆ. ಆಗಲೂ ಅನ್ನಿಸಿತ್ತೇ? ಗೊತ್ತಿಲ್ಲ.

“ಇದೇನು ಆಂಟಿ, ಚಾಕ್ಲೇಟ್ ಥರ ಇದೆ! ರೆಡ್ ಬೇಕು, ರೆಡ್. ರಿಯಲಿಸ್ಟಿಕ್!”

ಡಿಕಾಕ್ಷನ್ ನಾನೇ ಕುಡಿದೆ. ಗೌನಿನ ಎಡಸೊಂಟದಲ್ಲಿ ಒಂದು ಗಾಯ ಕಲ್ಪಿಸಿಕೊಂಡು, ಅಲ್ಲಿಂದ ಮೊಣಕಾಲಿನ ತನಕ ಕೆಂಪು ಇಳಿಸಿದೆ. ಅವಳ ಸಮಾಧಾನಕ್ಕೆ ಹಲ್ಲುಜ್ಜುವ ಬ್ರಷ್‌ನಿಂದ ಎದೆಯ ಮೇಲೆ ನಾಲ್ಕು ಸಿಡಿಹನಿ ಹಾಕಿದೆ. ನಿಂಬೆ, ಮೊಸರು ಯಾವುದೂ ತಾಗಬಾರದು, ಹುಳಿ ಮುಟ್ಟಿದರೆ ಕೆಂಪು ತಿರುಗಿ ಹಳದಿಯಾಗುತ್ತದೆ ಎಂದು ಎಚ್ಚರಿಸಿದೆ. ಅವಳು ಫೋನ್ ನೋಡುತ್ತಲೇ “ಅಚ್ಛಾ ಅಚ್ಛಾ” ಎಂದಳು.

ಪಾರ್ಟಿಯಲ್ಲಿ ನಡೆದದ್ದನ್ನು ನಿಖಿತಾ ಆಮೇಲೆ ನನಗೆ ಮೂರು ಸಲ ಹೇಳಿದ್ದಾಳೆ, ಮೂರೂ ಬೇರೆ ಬೇರೆ. ಒಂದರಲ್ಲಿ ಯಾರೋ ಅವಳನ್ನು ತಳ್ಳಿದರು, ಇನ್ನೊಂದರಲ್ಲಿ ಅವಳೇ ಕುಣಿಯುತ್ತಿದ್ದಳು. ಮೂರರಲ್ಲೂ ಸಮಾನವಾಗಿ ಇರುವುದು ಒಂದು ದೊಡ್ಡ ಲೋಟ ನಿಂಬೆ ಪಾನಕ. ಸೊಂಟದಿಂದ ಮೊಣಕಾಲಿನವರೆಗೆ ರಕ್ತವೆಲ್ಲ ಎಲ್ಲರ ಕಣ್ಣೆದುರೇ ಹಳದಿಗೆ ತಿರುಗಿತು. “ಅರೇ, ಹಲ್ದಿ ಕಾ ಫಂಕ್ಷನ್ ಹೈ ಕ್ಯಾ?” ಎಂದು ಅವಳ ಮ್ಯಾನೇಜರ್ ಕೇಳಿದರಂತೆ. ಅವಳಿಗೇ ಬಹುಮಾನವೂ ಬಂತಂತೆ. ನಾನು ಶ್ರಮಪಟ್ಟು ಮಾಡಿದ ಕೊಲೆಗಲ್ಲ, ಮದುವೆಯ ಅರಿಶಿನ ಶಾಸ್ತ್ರಕ್ಕೆ.

ಇಲ್ಲಿಗೆ ಮುಗಿದಿದ್ದರೆ ಇದು ಊಟದ ಮೇಜಿನಲ್ಲಿ ಹೇಳಿ ನಗುವ ಸಂಗತಿಯಾಗುತ್ತಿತ್ತು. ಮುಂದಿನ ಭಾನುವಾರ ನಿಖಿತಾಳ ಜೊತೆ ಇನ್ನೊಬ್ಬ ಹುಡುಗಿ ಬಂದಳು. ಹೆಸರು ಪ್ರೀಮಾ, ಮಂಗಳೂರಿನ ಕ್ರೈಸ್ತ ಮನೆತನದವಳು, ನಿಖಿತಾಳ ಫ್ಲ್ಯಾಟ್‌ಮೇಟ್. ಗೌನು ಅವಳದು. ಸರಿಯಾಗಿ ಹೇಳಬೇಕೆಂದರೆ ಅವಳ ತಾಯಿಯದು. ತಾಯಿ ಅದನ್ನು ತೊಟ್ಟು ಮದುವೆಯಾಗಿದ್ದರು. ನವೆಂಬರ್ ಕೊನೆಗೆ ಮಂಗಳೂರಿನಲ್ಲಿ ಅದನ್ನೇ ತೊಟ್ಟು ಪ್ರೀಮಾಳ ಮದುವೆ. ಸೊಂಟ ಬಿಗಿ ಮಾಡಿಸಲು ಅದನ್ನು ನೋಯ್ಡಾಕ್ಕೆ ತಂದಿದ್ದಳು. ‘ನಿನ್ನ ವೈಟ್ ಡ್ರೆಸ್ ಒಂದಿನಕ್ಕೆ ತಗೊಳ್ಲಾ?’ ಎಂದು ನಿಖಿತಾ ಮೆಸೇಜ್ ಹಾಕಿದ್ದಳು. ಪ್ರೀಮಾ ಮೀಟಿಂಗಿನಲ್ಲಿದ್ದಳು. ತನ್ನ ಬಿಳಿ ಫ್ರಾಕ್ ಕೇಳುತ್ತಿದ್ದಾಳೆಂದುಕೊಂಡು ಹೆಬ್ಬೆರಳು ತೋರಿಸುವ ಚಿತ್ರ ಕಳಿಸಿದ್ದಳು.

ಪ್ರೀಮಾ ಅಂದು ಅತ್ತಳು ಎಂದು ಮೊದಲು ಬರೆದಿದ್ದೆ, ಹೊಡೆದು ಹಾಕಿದ್ದೇನೆ. ಅವಳು ಅಳಲಿಲ್ಲ. ಗೌನನ್ನು ನನ್ನ ಮೇಜಿನ ಮೇಲೆ ಹರಡಿ, ಎರಡೂ ಕೈಗಳಿಂದ ಸುಕ್ಕು ತೆಗೆದು, “ಅಮ್ಮನಿಗೆ ಗೊತ್ತಾಗಬಾರದು,” ಎಂದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿಖಿತಾ ಮಧ್ಯೆ ಬಾಯಿ ಹಾಕಿದಳು. “ಆಂಟಿ, ನನ್ನ ಅಮ್ಮ ಹೇಳಿದ್ರಲ್ಲ, ಬಿಸಿಲಿಗೆ ಹಾಕಿದ್ರೆ...”

“ಎಲ್ಲಿದೆ ಬಿಸಿಲು? ತೋರಿಸು.”

ತಾರಸಿಯ ಬಾಗಿಲು ತೆರೆದೇ ಇತ್ತು. ಹೊರಗೆ ನಮ್ಮ ಕಾಲನಿಯ ನೀರಿನ ಟ್ಯಾಂಕೂ ಕಾಣುತ್ತಿರಲಿಲ್ಲ. ಹೊಗೆಯ ಹಿಂದೆ ಸೂರ್ಯ ಸವೆದ ಐದು ರೂಪಾಯಿ ನಾಣ್ಯದ ಹಾಗೆ ತೂಗಿಕೊಂಡಿದ್ದ. ಆದರೂ ಗೌನು ಒಗೆದು, ತಾರಸಿಯಲ್ಲಿ ಹರಡಿ, ನಾಲ್ಕು ದಿನ ಕಾವಲು ಕೂತೆ. ಹಳದಿ ಚೂರೂ ಕದಲಲಿಲ್ಲ. ಬದಲಿಗೆ ಮಸಿ ಕೂತು ಭುಜದ ಲೇಸು ಬೂದು ಬಣ್ಣಕ್ಕೆ ತಿರುಗಿತು. ಒಳಗಿನ ಹೊಲಿಗೆಯಂಚಿನ ಮೇಲೆ ಕಲೆ ಬಿಳುಪಾಗಿಸುವ ಪೆರಾಕ್ಸೈಡ್ ಹಚ್ಚಿ ನೋಡಿದೆ, ಹಳೆಯ ದಾರ ಬಿಟ್ಟುಕೊಳ್ಳತೊಡಗಿತು. ಕ್ಲೋರಿನ್ನಿನ ಮಾತೇ ಬೇಡ.

“ಊರಿಗೆ ಕಳಿಸು,” ಎಂದು ಪ್ರೀಮಾಗೆ ಹೇಳಿದೆ. “ಮಂಗಳೂರಿನಲ್ಲಿ ಬಿಸಿಲಿಗೇನು ಬರವೇ?”

“ಅಲ್ಲಿ ಅಮ್ಮ ಇದ್ದಾರೆ ಆಂಟಿ.”

“ಚಿಕ್ಕಮ್ಮ, ಗೆಳತಿ, ಯಾರೂ ಇಲ್ಲವೇ?”

“ನಮ್ಮ ಬೀದಿಯಲ್ಲಿ ಆ ಗೌನನ್ನು ತಂತಿಗೆ ಹಾಕಿದ್ರೆ ಅರ್ಧ ಗಂಟೆಯಲ್ಲಿ ಅಮ್ಮನಿಗೆ ಸುದ್ದಿ ಹೋಗ್ತದೆ.”

ಉಳಿದದ್ದು ನನಗೆ ಬರುವ ಒಂದೇ ವಿದ್ಯೆ. ಒಂದು ಭಾಗ ಹಾಳಾಗಿದೆ, ಅದನ್ನು ಸರಿಮಾಡಲಾಗದು. ಹಾಗಿದ್ದರೆ ಇಡೀ ಬಟ್ಟೆಯನ್ನೇ ಒಂದೇ ಸಮ ಹಾಳುಮಾಡಬೇಕು. ತೆಳು ಚಹಾದಲ್ಲಿ ಅದ್ದಿದರೆ ಹತ್ತಿ, ರೇಷ್ಮೆ ಎಲ್ಲ ಕೆನೆ ಬಣ್ಣಕ್ಕೆ ಇಳಿಯುತ್ತವೆ, ಅರಿಶಿನದ ಹಳದಿ ಅದರೊಳಗೆ ಅಡಗುತ್ತದೆ. ನೋಡಿದವರು ಹಳೆಯ ಬಟ್ಟೆ, ವಯಸ್ಸಾಗಿದೆ ಎನ್ನುತ್ತಾರೆ. ಚಹಾ ಬಿಡುವುದಿಲ್ಲ, ಇದು ಶಾಶ್ವತ ಎಂದು ಪ್ರೀಮಾಗೆ ಎರಡು ಸಲ ಹೇಳಿದೆ. ಅವಳು ಎರಡು ಸಲವೂ ತಲೆಯಾಡಿಸಿದಳು. ಚಹಾ ಕಾಯಿಸಿ, ಮನೆಯ ದೊಡ್ಡ ಟಬ್ಬಿಗೆ ಸೋಸಿ, ಗೌನು ಮುಳುಗಿಸಿ, ಬಣ್ಣ ಪಟ್ಟೆಯಾಗದಂತೆ ಬಿಡದೆ ತಿರುವಿದೆ. ಚೆನ್ನಾಗಿ ಬಂತು. ಎಡಸೊಂಟ ಯಾವುದು ಎಂದು ನಾನೇ ಹುಡುಕಬೇಕಾಯಿತು.

ಒಣಗಿದ ಮೇಲೆ ಪ್ರೀಮಾ ನನ್ನ ಕೋಣೆಯಲ್ಲೇ ಅದನ್ನು ತೊಟ್ಟು ತಾಯಿಗೆ ವಿಡಿಯೋ ಕಾಲ್ ಮಾಡಿದಳು. ಹೊಲಿಗೆ ಮುಗಿಯಿತು ಎಂದು ತೋರಿಸುವ ನೆಪ. ಅವರು ಕೊಂಕಣಿಯಲ್ಲಿ ಮಾತಾಡಿದರು, ನನಗೆ ಅರ್ಧ ತಿಳಿಯಿತು, ಇನ್ನರ್ಧ ಪ್ರೀಮಾ ಆಮೇಲೆ ಹೇಳಿದಳು. ತಾಯಿ ಮೊದಲು ಚಂದ ಉಂಟು ಎಂದರು. ಆಮೇಲೆ ಫೋನನ್ನು ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದರು.

“ನನ್ನದೇ ತಪ್ಪು,” ಎಂದರಂತೆ. “ಪ್ಲಾಸ್ಟಿಕ್ಕಿನಲ್ಲಿ ಇಡಬೇಡ ಅಂತ ನನ್ನ ಅಮ್ಮ ಹೇಳಿದ್ದರು. ಕೇಳಲಿಲ್ಲ. ಹಿಮದ ಹಾಗೆ ಇತ್ತು ಮಗಾ. ನಿನಗೆ ಕೊಡುವಾಗ ಅದನ್ನೂ ಸರಿಯಾಗಿ ಕೊಡ್ಲಿಕ್ಕೆ ನನ್ನಿಂದ ಆಗಲಿಲ್ಲ.”

ನನ್ನ ಕೆಲಸ ಗೆದ್ದಿತ್ತು, ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಪ್ರೀಮಾ ಗೌನಿನಲ್ಲೇ ನನ್ನ ಸ್ಟೂಲಿನ ಮೇಲೆ ಕೂತಳು. ಆಮೇಲೆ ಎಲ್ಲ ಹೇಳಿಬಿಟ್ಟಳು: ಹೆಬ್ಬೆರಳು, ರಕ್ತ, ಪಾನಕ, ಚಹಾ. ಆ ಕಡೆಯಿಂದ ತಾಯಿ ಏನೋ ಅಂದರು. ಪ್ರೀಮಾ ಫೋನನ್ನು ನನ್ನ ಕೈಗಿಟ್ಟಳು.

“ಅದು ಅರಿಶಿನ ಅಂತ ನಿಮಗೆ ಗೊತ್ತಿತ್ತಲ್ಲ ಮಾರಾಯ್ರೆ?” ಎಂದು ಅವರು ಕನ್ನಡದಲ್ಲಿ ಕೇಳಿದರು.

“ಗೊತ್ತಿತ್ತು.”

“ಬಿಸಿಲಿಗೆ ಹೋಗ್ತದೆ ಅಂತ?”

“ಅದೂ ಗೊತ್ತಿತ್ತು. ಇಲ್ಲಿ ಬಿಸಿಲಿಲ್ಲ.”

“ಇಲ್ಲಿ ಉಂಟಲ್ಲ! ಒಂದು ಪಾರ್ಸೆಲ್ ಮಾಡಿದ್ದರೆ ಎರಡು ದಿವಸದಲ್ಲಿ ಬಿಳಿ ಮಾಡಿ ಇಡ್ತಿದ್ದೆ. ನಾನೇನು ಇವಳನ್ನು ತಿಂದುಬಿಡ್ತಿದ್ದೆನಾ? ಬೈತಿದ್ದೆ, ಅಷ್ಟೇ. ಈಗ ಈ ಚಾ?”

“ಅದು ಹೋಗುವುದಿಲ್ಲ.”

“ಎಂಥ ಬುದ್ಧಿವಂತರಪ್ಪ ನೀವೆಲ್ಲ,” ಎಂದು ಫೋನ್ ಇಟ್ಟರು.

ಪ್ರೀಮಾ ಅದನ್ನೇ ತೊಟ್ಟು ಮದುವೆಯಾದಳು. ಇದು ಈಗಿನ ಫ್ಯಾಷನ್, ದೆಹಲಿಯಲ್ಲಿ ಮಾಡಿಸಿದ್ದು ಎಂದು ತಾಯಿ ನೆಂಟರಿಗೆಲ್ಲ ಹೇಳಿದರಂತೆ. ಮಗಳನ್ನು ಒಂದು ವಾರ ಬೈದರಂತೆ ಕೂಡ. ಮದುವೆಯ ಫೋಟೋ ನನ್ನ ಫೋನಿನಲ್ಲಿದೆ. ತಾಯಿ ಮಗಳು ಇಬ್ಬರೂ ಚರ್ಚಿನ ಮೆಟ್ಟಿಲ ಮೇಲೆ, ಕಣ್ಣು ಕಿರಿದು ಮಾಡಿಕೊಂಡು, ಮಂಗಳೂರಿನ ಸುಡುಬಿಸಿಲಿಗೆ ನಿಂತಿದ್ದಾರೆ. ಚಹಾದ ಅಡಿಯಲ್ಲಿ ಅಡಗಿದ್ದ ಅರಿಶಿನ ಆ ಬಿಸಿಲಿಗೇ ಸದ್ದಿಲ್ಲದೆ ಹೋಗಿರುತ್ತದೆ. ಉಳಿದಿರುವುದು ನಾನು ಹಚ್ಚಿದ್ದು ಮಾತ್ರ.

ಕಲೆಗಳ ಬಗ್ಗೆ ಆ ನವೆಂಬರ್ ಕಲಿಸಿದ್ದನ್ನು ಸ್ಟುಡಿಯೋದ ಅಷ್ಟೂ ವರ್ಷ ಕಲಿಸಿರಲಿಲ್ಲ. ಕಲೆ ಎಷ್ಟೋ ಸಲ ತಾನಾಗಿ ಹೋಗುತ್ತದೆ, ಅದನ್ನು ಮುಚ್ಚಲು ಹಾಕಿದ ಬಣ್ಣ ಹೋಗುವುದಿಲ್ಲ. ಈಗಲೂ ಜನ ನನ್ನ ಹತ್ತಿರ ಹಾಳಾದ ಬಟ್ಟೆ ತರುತ್ತಾರೆ: ಅಕ್ಕನ ಸೀರೆ, ಗೆಳೆಯನ ಕೋಟು, ಅತ್ತೆಯ ಶಾಲು. ಸರಿಮಾಡಿಕೊಡಿ, ಅವರಿಗೆ ಗೊತ್ತಾಗಬಾರದು ಎನ್ನುತ್ತಾರೆ. ಟಬ್ಬಿಗೆ ನೀರು ಬಿಡುವ ಮೊದಲು ಒಂದು ಮಾತು ಕೇಳುತ್ತೇನೆ: “ಹೇಳಿಬಿಟ್ಟರೆ ಏನು ಮಾಡುತ್ತಾರೆ?” ಬಹಳ ಜನ ಸ್ವಲ್ಪ ಹೊತ್ತು ನನ್ನನ್ನು ದುರುಗುಟ್ಟಿ ನೋಡಿ, ಬಟ್ಟೆ ಮಡಚಿಕೊಂಡು ವಾಪಸ್ ಹೋಗುತ್ತಾರೆ.