ಅರಳಿದ ಮೊಗ್ಗು, ಹರಿದ ನಾರು

ಐವತ್ತರ ದಶಕದ ಒಂದು ಶುಕ್ರವಾರ ಬೆಳಿಗ್ಗೆ, ದೇವಿಯ ಪಟಕ್ಕೆ ಹಾಕಿದ್ದ ಮಲ್ಲಿಗೆ ದಿಂಡು ಯಾರೂ ಮುಟ್ಟದೆ ನಡುವಿಗೇ ಹರಿದು ಬಿತ್ತು. ಹಿಂದಿನ ಸಂಜೆ ಕಟ್ಟಿ ಹಾಕಿದವಳು ನಾನೇ. ನಮ್ಮವರ ಕೆಲಸ ಉಳಿಯಲಿ ಎಂದು ಹರಕೆ ಹೊತ್ತು, ಮೊಗ್ಗಿಗೂ ಮೊಗ್ಗಿಗೂ ನಡುವೆ ಸಂದಿಲ್ಲದಷ್ಟು ಒತ್ತಾಗಿ ಬಾಳೆನಾರಿನಲ್ಲಿ ಕಟ್ಟಿದ್ದೆ.

ನಮ್ಮವರು ಆಗ ಒಂದು ಪ್ರಯೋಗಶಾಲೆಯಲ್ಲಿ ಪಾಲಿಮರ್ ತಯಾರಿಸುತ್ತಿದ್ದರು. ಅಣುಗಳನ್ನು ಸರದ ಹಾಗೆ ಉದ್ದಕ್ಕೆ ಜೋಡಿಸಿ, ಆ ಸರದ ಮೈತುಂಬ ಕೊಂಬೆ ಹಚ್ಚುವುದು. ನನಗೆ ತಿಳಿದದ್ದು ಇಷ್ಟೇ. ಮಾಡಿ ಸೀಸೆಯಲ್ಲಿಟ್ಟರೆ ಆ ಸರ ತಾನಾಗಿ ತುಂಡಾಗುತ್ತಿತ್ತು. ಕೈ ಶುದ್ಧವಿಲ್ಲದೆ ಏನೋ ಬೆರೆಸಿದ್ದೀರಿ ಎಂದು ಮೇಲಿನವರು ದೂರಿ, ಈ ಶುಕ್ರವಾರದೊಳಗೆ ಕಾರಣ ಹೇಳಿ, ಇಲ್ಲವೇ ಜಾಗ ಖಾಲಿ ಮಾಡಿ ಎಂದಿದ್ದರು. ಕಾರಣ ಇವರಿಗೆ ಹೊಳೆದಿತ್ತು. ಹೋಗಿ ಹೇಳುವುದೊಂದೇ ಬಾಕಿ.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ದೇವರ ಮೇಲಿನ ಹೂವೇ ಹರಿದಿದೆ. ಇವತ್ತು ಹೊಸಿಲು ದಾಟ್ಬೇಡ. ನಾಳೆ ಹೋಗು."

"ನಾಳೆ ನನ್ನ ಜಾಗದಲ್ಲಿ ಬೇರೆ ಯಾರೋ ಕೂತಿರ್ತಾರಮ್ಮ" ಎಂದು ಇವರು ದಿಂಡಿನ ತುಂಡನ್ನು ಎತ್ತಿಕೊಂಡರು. "ನೋಡು, ನಿನ್ನೆ ಇವು ಮೊಗ್ಗು. ಅರಳೋಕೆ ಜಾಗ ಬೇಡ್ವಾ? ಅರಳ್ತಾ ಅರಳ್ತಾ ಒಂದನ್ನೊಂದು ತಳ್ಳಿದ್ವು. ನಡುವಿನ ನಾರು ಆ ಕಡೆಗೂ ಈ ಕಡೆಗೂ ಜಗ್ಗಿ ಜಗ್ಗಿ ಕಿತ್ತೋಯ್ತು. ನನ್ನ ಸೀಸೇಲೂ ಇದೇ ಆಗ್ತಿರೋದು. ಕೊಂಬೆ ಒತ್ತಾದ್ರೆ ಒಳಗಿನ ಸರದ ಕೊಂಡಿ ತಾಳಲ್ಲ."

"ಹೊರಗಿಂದ ಯಾರೂ ಎಳೀಲಿಲ್ವೇನೋ?"

"ಯಾರೂ ಇಲ್ಲ."

"ಹಾಗಾದ್ರೆ ಅಮ್ಮನವರು ಕಿತ್ತಿದ್ದಲ್ಲ ಅನ್ನು." ಅತ್ತೆ ಯೋಚಿಸಿ ನನ್ನತ್ತ ತಿರುಗಿದರು. "ಎಲ್ಲಾ ಇವಳ ಕೈಯ ಗುಣ. ಎರಡು ಮೊಳದ ಹೂವನ್ನ ಒಂದೇ ಮೊಳದಲ್ಲಿ ತುರುಕಿದಾಳೆ ಮಹರಾಯ್ತಿ! ನೀನು ಹೋಗಿ ಬಾರಪ್ಪ."

ಅವರು ಬಾಗಿಲು ಬಿಟ್ಟರು. ಬೈಸಿಕೊಂಡರೂ ನನ್ನ ಎದೆ ಹಗುರವಾಯಿತು.

ಸಂಜೆ ಇವರು ವೈಯಾಲಿಕಾವಲಿನ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಬಂದರು. ಮೇಲಿನವರು ಪೂರ್ತಿ ನಂಬಿರಲಿಲ್ಲ. ಕೊಂಬೆಗಳನ್ನು ವಿರಳವಾಗಿ ಹಚ್ಚಿ ಇನ್ನೊಮ್ಮೆ ಮಾಡಿ ತೋರಿಸಿ, ಅಲ್ಲಿಯವರೆಗೆ ಇರಿ ಎಂದಿದ್ದರಂತೆ. ಮತ್ತೆ ಮೊದಲಿನಿಂದ ಶುರು. ಮತ್ತೆ ತಿಂಗಳುಗಟ್ಟಲೆ ಆ ರಾಸಾಯನಿಕಗಳ ಘಾಟು, ಎಷ್ಟು ಒಗೆದರೂ ಆ ವಾಸನೆ ಬಿಡದ ಅಂಗಿಗಳು.

"ಸಾಕಾಗಿದೆ ಕಣೇ" ಎಂದರು.

"ನನಗೂ" ಎಂದೆ.

ಊಟಕ್ಕೆ ಕೂತವರು ಬಹಳ ದಿನದ ಮೇಲೆ ಎರಡನೇ ಸಲ ಸಾರು ಕೇಳಿದರು. ಭಗವಂತ ಇಷ್ಟಾದರೂ ಕೊಟ್ಟನಲ್ಲ ಎಂದುಕೊಂಡು ಬಡಿಸಿದೆ.