ತಣ್ಣಗಾದ ಸೂಪು

ಮೊನ್ನೆ ಮಗಳು ನನ್ನನ್ನು ಬೆಂಗಳೂರಿನ ಒಂದು ಪಬ್ಬಿಗೆ ಕರೆದುಕೊಂಡು ಹೋದಳು. ಸಂಜೆ ಅಲ್ಲಿ ಗದ್ದಲವಂತೆ. ಮಧ್ಯಾಹ್ನ ಮಾತ್ರ ವ್ಯವಹಾರದವರು ಬಂದು ಮೆಲ್ಲಗೆ ಮಾತಾಡುತ್ತ ಉಣ್ಣುತ್ತಾರೆ. ಯಾವುದೋ ಕಂಪನಿಯ ಮ್ಯಾನೇಜರು ಅವಳನ್ನು ಊಟಕ್ಕೆ ಕರೆದಿದ್ದರು. ಕಣ್ಣಿನ ಡಾಕ್ಟರ ಹತ್ತಿರದಿಂದ ಮನೆಗೆ ಹೊರಟಿದ್ದ ನಾನು ದಾರಿಯಲ್ಲಿ ಸೇರಿಕೊಂಡ ಲಗೇಜು. ತಟ್ಟೆಯ ಮೇಲೆ ಗಂಜಿ ಹಾಕಿದ ಬಿಳಿ ಬಟ್ಟೆಯನ್ನು ಬೀಸಣಿಗೆಯಂತೆ ಮಡಿಸಿ ನಿಲ್ಲಿಸಿದ್ದರು. ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡಾಗ ಗಂಜಿಯ ವಾಸನೆ ಬಂತು. ಅಷ್ಟು ಸಾಕಾಯಿತು ನೋಡಿ, ನಾನು ಹಾಸನದಲ್ಲಿದ್ದೆ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಲಾರಿಗಳು ನಿಂತಿದ್ದವು. ಕಾಫಿ ಮೂಟೆಗಳನ್ನು ತೋಟಗಳಿಂದ ಹಾಸನದ ಸ್ಟೇಷನ್ನಿಗೆ ತರಲು ಒಂದು ಇಂಗ್ಲಿಷ್ ಕಂಪನಿಗೆ ಎತ್ತಿನ ಗಾಡಿಗಳು ಬೇಕಾಗಿದ್ದವು. ದಂಡಿಗನಹಳ್ಳಿ ಕಡೆ ಅಪ್ಪ ಹನ್ನೆರಡು ಗಾಡಿಗಳ ಯಜಮಾನ. ಸುಗ್ಗಿ ಮುಗಿದು ಗಾಡಿಗಳಿಗೆ ಕೆಲಸವಿರಲಿಲ್ಲ. ಈ ಬಾಡಿಗೆ ಸಿಗದಿದ್ದರೆ ಎತ್ತುಗಳನ್ನು ಮಾರಬೇಕಿತ್ತು. ಎತ್ತು ಹೋದರೆ ಹನ್ನೆರಡು ಗಾಡಿಯವರ ಮನೆಗಳೂ ಕೈ ಕಟ್ಟಿ ಕೂರಬೇಕಿತ್ತು. ಕಂಪನಿಯ ದೊರೆ ಮಾತಾಡಲು ಊಟಕ್ಕೇ ಕರೆದ. ಮೈಸೂರಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದ ನಾನು ರಜಕ್ಕೆ ಬಂದಿದ್ದೆ. ದುಭಾಷಿಯ ಕೆಲಸ ನನಗೆ ಬಿತ್ತು.

ಅದು ತೋಟದ ದೊರೆಗಳು ಕುಡಿದು ಉಣ್ಣುವ ಹೋಟೆಲು. ಹೆಂಚಿನ ಕಟ್ಟಡ, ಒಳಗೆ ಮರದ ಕಟ್ಟೆ, ಅದರ ಹಿಂದೆ ಸಾಲಾಗಿ ಬಾಟಲಿಗಳು. ಬಾಟಲಿಗಳು ನಿಜವಾಗಿ ಅಷ್ಟಿದ್ದವೋ, ಆಮೇಲೆ ನಾನು ಸೇರಿಸಿಕೊಂಡೆನೋ ಹೇಳಲಾರೆ. ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ, ನೀವೂ ನಂಬಬೇಡಿ. ಅಪ್ಪನ ತಲೆಯ ರುಮಾಲು ಮಾತ್ರ ಆ ದಿನ ಮೇಜಿನ ಬಟ್ಟೆಗಿಂತ ಬೆಳ್ಳಗಿತ್ತು. ಇದು ಖಂಡಿತ.

ಸೂಪು ಬಂತು. ದೊರೆ ಚಮಚ ಎತ್ತಿದ. ಅಪ್ಪ ಕೈಕಟ್ಟಿ ಕೂತರು.

"ತರಕಾರೀದೇ ಅಂತೆ, ಕುಡೀರಪ್ಪ," ಎಂದು ಪಿಸುಗುಟ್ಟಿದೆ.

"ಮೊದ್ಲು ಮಾತಾಗ್ಲಿ ಕಣ್ಲಾ. ಉಂಡ್ಮೇಲೆ ಬಾಯಿ ಮೆತ್ತಗಾಯ್ತದೆ. ಅನ್ನ ಇಕ್ಕಿದೋನ ಮುಂದೆ ಆಗಾಕಿಲ್ಲ ಅನ್ನಾಕಾಯ್ತದಾ?"

ದೊರೆಗಳ ಪದ್ಧತಿ ಇದಕ್ಕೆ ತಿರುಗುಮುರುಗು: ಊಟ ಮುಗಿಯುವವರೆಗೆ ವ್ಯವಹಾರ ಎತ್ತುವುದು ಒರಟುತನ. ಯಾಕೆ ಉಣ್ಣುತ್ತಿಲ್ಲ ಎಂದು ಅವನು ಕೇಳಿದ. ನನಗೆ ನಾಚಿಕೆಯಾಯಿತು. ಅಪ್ಪನ ಮಾತು ಇಂಗ್ಲಿಷಿನಲ್ಲಿ ಹಳ್ಳಿಯವನ ಅನುಮಾನದಂತೆ ಕೇಳೀತು ಅನ್ನಿಸಿತು. "ಇವತ್ತು ಸೋಮವಾರ, ನಮ್ಮ ತಂದೆಯವರಿಗೆ ಉಪವಾಸ," ಎಂದುಬಿಟ್ಟೆ. ಅವತ್ತು ಸೋಮವಾರ ಹೌದೋ ಅಲ್ಲವೋ ಗೊತ್ತಿಲ್ಲ. ಉಪವಾಸವಂತೂ ಇರಲಿಲ್ಲ.

ದೊರೆ ಚಮಚ ಕೆಳಗಿಟ್ಟ. ಹಸಿದ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಬಾಡಿಗೆ ಚೌಕಾಸಿ ಮಾಡುವುದು ತನಗೆ ಒಗ್ಗದು, ನಾಳೆ ಅರಕಲಗೂಡಿನ ಗಾಡಿಯವರು ಬರುತ್ತಾರೆ, ಅವರ ಜೊತೆ ಮುಗಿಸಿಕೊಳ್ಳುತ್ತೇನೆ ಎಂದ. ತುಂಬಾ ಮರ್ಯಾದೆಯಿಂದಲೇ ಹೇಳಿದ.

"ಏನಂತಲಾ ಅವ್ನು?" ಎಂದರು ಅಪ್ಪ. ನಾನು ತೊಡೆಯ ಮೇಲಿನ ಗಂಜಿ ಬಟ್ಟೆಯನ್ನು ಮತ್ತೆ ಮಡಿಸತೊಡಗಿದೆ.

ದೊರೆಯ ಹಿಂದೆ ಹೋಟೆಲಿನ ಬಟ್ಲರ್ ನಿಂತಿದ್ದ. ಹೊಳೆನರಸೀಪುರದ ಕಡೆಯವನು, ನಡುವಯಸ್ಸು. ಅವನು ಬಗ್ಗಿ, ಕ್ರಿಯಾಪದಗಳಿಲ್ಲದ ತನ್ನ ಇಂಗ್ಲಿಷಿನಲ್ಲಿ ದೊರೆಗೆ ಏನೋ ಹೇಳಿದ. ಉಪವಾಸ ಇಲ್ಲ, ಮೊದಲು ಮಾತು, ಆಮೇಲೆ ಊಟ, ಒಳ್ಳೆಯ ಮನುಷ್ಯ: ಇಷ್ಟು ಅದರ ಸಾರ. ದೊರೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ನಕ್ಕು, ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅಪ್ಪನ ಹಾಗೆಯೇ ಕೈಕಟ್ಟಿ ಕೂತ.

ಮಾತು ಸೂಪು ತಣ್ಣಗಾಗುವಷ್ಟು ಹೊತ್ತು ನಡೆಯಿತು. ಅಪ್ಪ ಎರಡು ಸಲ ಆಗಾಕಿಲ್ಲ ಅಂದರು. ಮೂರನೆಯ ಸಲ ದೊರೆ ಒಪ್ಪಿ ಕೈ ಚಾಚಿದ. ಅಷ್ಟರಲ್ಲಿ ಬಟ್ಲರ್ ಆ ಬಿಳಿ ಮೇಜಿನ ಮೇಲೆ ಬಾಳೆಲೆ ಹಾಸಿ ಮೊಸರನ್ನ ಬಡಿಸಿದ. "ಭಯ ಬ್ಯಾಡಿ ಯಜಮಾನ್ರೆ, ಪ್ಯಾಟೇಲಿರೋ ನಿಮ್ಮೋರ ಓಟ್ಲಿಂದ್ಲೇ ತರ್ಸೀವ್ನಿ," ಎಂದ. ಅಪ್ಪ ಎಲೆ ಬರಿದಾಗುವಂತೆ ಉಂಡರು. ದೊರೆಯ ಸೂಪನ್ನು ಬಟ್ಲರ್ ಬಿಸಿ ಮಾಡಿ ತಂದ.

ಹೊರಡುವಾಗ ಬಾಗಿಲ ಹತ್ತಿರ ಅವನು ನನಗೆ ಮಾತ್ರ ಕೇಳುವಂತೆ ಹೇಳಿದ: "ಓದಿರೋರು ಏನೇಳಿದ್ರೂ ದೊರೆಗಳು ನಂಬ್ತಾರೆ ಸಾ. ಅದ್ಕೇ ನೋಡ್ಕಂಡು ಏಳ್ಬೇಕು."

ಈ ಕತೆಯನ್ನು ವರ್ಷಗಟ್ಟಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ನಾನು ಹೇಳುವಾಗ ಅಪ್ಪನ ಮಾತನ್ನು ದೊರೆಗೆ ತಿಳಿಯುವಂತೆ ಬಿಡಿಸಿ ಹೇಳಿದವನು ನಾನೇ. ಹೇಳಿ ಹೇಳಿ ನಾನೂ ನಂಬಿದ್ದೆ. ಮೊನ್ನೆ ಆ ಗಂಜಿಯ ವಾಸನೆಯೊಂದಿಗೆ ಬಟ್ಲರನ ಮಾತು ಬಂದಾಗಲೇ ತಿಳಿದದ್ದು, ಅಪ್ಪನ ಗಾಡಿಗಳನ್ನೂ ನನ್ನ ಕಾಲೇಜನ್ನೂ ಉಳಿಸಿದವನನ್ನು ನಾನು ಕತೆಯಿಂದಲೇ ಹೊರಗೆ ಹಾಕಿದ್ದೆ. ಅವನ ಹೆಸರನ್ನೂ ಕೇಳಿರಲಿಲ್ಲ.

"ಮೇಡಂ, ಊಟ ಹಿಡಿಸಲಿಲ್ವಾ?" ಎಂದರು ಮ್ಯಾನೇಜರು. ಆಗ ಮಗಳ ತಟ್ಟೆ ನೋಡಿದೆ. ಬಂದದ್ದು ಬಂದ ಹಾಗೇ ಇತ್ತು. ತಾತ ಹೋದಾಗ ಅವಳಿಗೆ ಮೂರು ವರ್ಷ, ಇದು ನನ್ನ ಕತೆಯಿಂದಲೇ ಕಲಿತದ್ದಿರಬೇಕು.

"ಇಲ್ಲ, ಯಾಕೋ ಹೊಟ್ಟೆ ಸರಿಯಿಲ್ಲ," ಎಂದು ಅವಳು ಶುರು ಮಾಡಿದಳು.

"ಅವಳ ಹೊಟ್ಟೆ ಚೆನ್ನಾಗೇ ಇದೆ," ಎಂದೆ. "ನಮ್ಮ ಮನೇಲಿ ಮಾತು ಮುಗಿಯೋವರೆಗೆ ತುತ್ತು ಎತ್ತೋದಿಲ್ಲ. ನೀವು ಒಳ್ಳೆಯವರು, ಉಂಡಮೇಲೆ ಆಗಲ್ಲ ಅನ್ನೋಕಾಗಲ್ಲ ಅಂತಲೇ ಅವಳಿಗೆ ಭಯ."

ಮಗಳು ನನ್ನನ್ನು ನೋಡಿದಳು. ಮ್ಯಾನೇಜರು ಫೋರ್ಕು ಕೆಳಗಿಟ್ಟು, "ಹಾಗಾದ್ರೆ ಮೊದಲು ಅದೇ ಆಗಲಿ," ಎಂದರು. ಅವಳು ಚೀಲದಿಂದ ಕಾಗದ ತೆಗೆದಳು.

"ಇವನ್ನ ಆಮೇಲೆ ಬಿಸಿ ಮಾಡಿ ತರ್ಲಾ ಸಾರ್?" ಎಂದು ತಟ್ಟೆಗಳಿಗೆ ಕೈ ಹಾಕಿದ ಬಡಿಸುವವನು.

ತಟ್ಟೆ ಕೊಡುವ ಮುಂಚೆ ಅವನ ಹೆಸರು ಕೇಳಿದೆ.